ಆಪತ್ತಿನಲ್ಲಿ ಅತಿಥಿಯ ಕೈಬಿಡದವರು

(ಸಂಘದ ವಾರ್ಷಿಕೋತ್ಸವದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ನಮ್ಮ ಕರಾವಳಿಯ ಮನೆಗಳಿಗೆ ಹೋಟೆಲ್ ಕೆಲಸ ಹೊಸದೇನಲ್ಲ. ಮುಂಬೈಯ ಹೋಟೆಲುಗಳಲ್ಲಿ, ಕೊಲ್ಲಿ ರಾಷ್ಟ್ರಗಳ ಹೋಟೆಲುಗಳಲ್ಲಿ ದುಡಿದ ಒಬ್ಬರಾದರೂ ಅಣ್ಣನೋ ಮಾವನೋ ಚಿಕ್ಕಪ್ಪನೋ ಇಲ್ಲದ ಕುಟುಂಬ ನಮ್ಮಲ್ಲಿ ಅಪರೂಪ. ಅವರ ದುಡಿಮೆಯಿಂದ ಮನೆ ಕಟ್ಟಿದ್ದೇವೆ, ತಂಗಿಯರ ಮದುವೆ ಮಾಡಿದ್ದೇವೆ, ಮಕ್ಕಳನ್ನು ಓದಿಸಿದ್ದೇವೆ. ಹೀಗಿದ್ದರೂ ಮಗ "ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತೇನೆ" ಎಂದಾಗ ನಮ್ಮ ಮುಖ ಸಪ್ಪಗಾಗುತ್ತದೆ. ಮಗಳು ಹಾಗೆಂದರೆ ಹೇಳುವುದೇ ಬೇಡ. "ಅಷ್ಟು ಓದಿ ಕೊನೆಗೆ ಪ್ಲೇಟು ಎತ್ತುವುದಾ?" ಎನ್ನುತ್ತೇವೆ.

ಆ ಪ್ಲೇಟು ಎತ್ತುವವನು ಯಾರು, ಅವನ ಕೈಯಲ್ಲಿ ಏನಿದೆ ಎಂಬುದನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ಕಟ್ಟಡಕ್ಕೆ ಬೆಂಕಿ ಬಿದ್ದಾಗ, ಗುಂಡಿನ ಸದ್ದು ಕೇಳಿದಾಗ, ಭೂಮಿ ನಡುಗಿದಾಗ ಪೊಲೀಸರೂ ಅಗ್ನಿಶಾಮಕ ದಳದವರೂ ಬರುವುದಕ್ಕೆ ಸ್ವಲ್ಪವಾದರೂ ಹೊತ್ತು ಬೇಕು. ಅಷ್ಟರ ತನಕ ಅತಿಥಿಗಳ ಜೀವ ಯಾರ ವಶದಲ್ಲಿರುತ್ತದೆ? ರಿಸೆಪ್ಷನ್‌ನ ಹುಡುಗಿ, ರೂಮ್ ಬಾಯ್, ವೇಟರ್, ಅಡುಗೆಯವರು, ಟೆಲಿಫೋನ್ ಆಪರೇಟರ್, ಇವರ ವಶದಲ್ಲಿ. ಆ ಹೊತ್ತಿನಲ್ಲಿ ಅತಿಥಿ ಇವರ ಕೈಯಲ್ಲಿರುವ ಅಮಾನತ್ತು.

ಇಂಥ ಗಳಿಗೆಯಲ್ಲಿ ಕೆಲವರು ಅಷ್ಟೊಂದು ಶಾಂತವಾಗಿ ಹೇಗೆ ಇರುತ್ತಾರೆ? "ಅದು ಹುಟ್ಟುಗುಣ, ಗಟ್ಟಿ ಗುಂಡಿಗೆ ಬೇಕು" ಎಂದು ಸಾಮಾನ್ಯವಾಗಿ ಹೇಳುತ್ತೇವೆ. ಆದರೆ ದಾಖಲಾಗಿರುವ ಘಟನೆಗಳನ್ನು ಕೂಲಂಕಷವಾಗಿ ನೋಡಿದರೆ ಬೇರೆಯೇ ಉತ್ತರ ಸಿಗುತ್ತದೆ. ದಿನನಿತ್ಯದ ಸೇವೆಯಲ್ಲಿ ಬೆಳೆದ ಅಭ್ಯಾಸವೇ ಆಪತ್ತಿನ ದಿನ ಶಾಂತಿಯಾಗಿ ಕಾಣಿಸುತ್ತದೆ. ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಇದಕ್ಕೆ ಉದಾಹರಣೆ.

ಮುಂಬೈಯ ಆ ರಾತ್ರಿ

ಮುಂಬೈಯ ತಾಜ್ ಮಹಲ್ ಹೋಟೆಲ್ 1903ರಲ್ಲಿ ಜಮ್ಷೆಟ್‌ಜಿ ಟಾಟಾ ಅವರ ಕನಸಾಗಿ ಬಾಗಿಲು ತೆರೆದದ್ದು. 2008ರ ನವೆಂಬರ್ 26ರ ರಾತ್ರಿ ಮುಂಬೈ ನಗರದ ಮೇಲೆ ಭಯೋತ್ಪಾದಕರ ದಾಳಿ ನಡೆಯಿತು. ಒಟ್ಟು 166 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಎಲ್ಲ ಧರ್ಮದವರೂ ಇದ್ದರು, ಮುಸ್ಲಿಮರೂ ಇದ್ದರು. ತಾಜ್ ಹೋಟೆಲಿನಲ್ಲಿ ದಾಳಿಕೋರರ ಕಾಟ ಮುಗಿದದ್ದು ನವೆಂಬರ್ 29ರ ಬೆಳಿಗ್ಗೆ. ಅಲ್ಲಿ ಮಡಿದವರು 31 ಮಂದಿ. ಅವರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಹೋಟೆಲಿನ ನೌಕರರೇ. ಆ ರಾತ್ರಿ ಸಾವಿರಕ್ಕೂ ಹೆಚ್ಚು ಅತಿಥಿಗಳು ಜೀವಂತ ಹೊರಬಂದರು.

ಎರಡನೆಯ ಮಹಡಿಯ ಒಂದು ಸಭಾಂಗಣದಲ್ಲಿ ಆಗ ಒಂದು ದೊಡ್ಡ ಕಂಪನಿಯ ಔತಣಕೂಟ ನಡೆಯುತ್ತಿತ್ತು. ಉಸ್ತುವಾರಿ ಹೊತ್ತಿದ್ದವರು ಮಲ್ಲಿಕಾ ಜಗದ್ ಎಂಬ ಯುವತಿ. ವಯಸ್ಸು 24. ನಿಮ್ಮಲ್ಲಿ ಹಲವರಿಗಿಂತ ಮೂರ್ನಾಲ್ಕು ವರ್ಷ ದೊಡ್ಡವರು, ಅಷ್ಟೆ. ಹೊರಗೆ ಕೇಳಿದ ಸದ್ದು ಮದುವೆಯ ಪಟಾಕಿ ಎಂದೇ ಮೊದಲು ಎಲ್ಲರೂ ತಿಳಿದರು. ಏನೋ ಅನಾಹುತ ನಡೆಯುತ್ತಿದೆ ಎಂದು ಗೊತ್ತಾದ ಕೂಡಲೇ ಆಕೆ ಬಾಗಿಲುಗಳಿಗೆ ಬೀಗ ಹಾಕಿಸಿದರು, ದೀಪ ಆರಿಸಿದರು. ಎಲ್ಲರೂ ಮೇಜಿನಡಿ ಸದ್ದಿಲ್ಲದೆ ಮಲಗಬೇಕು, ಮೊಬೈಲ್ ಬಳಸಬಾರದು ಎಂದರು. ಗಂಡ ಹೆಂಡತಿ ಒಂದೇ ಕಡೆ ಇರಬೇಡಿ, ಬೇರೆ ಬೇರೆ ಜಾಗದಲ್ಲಿರಿ ಎಂದೂ ಸೂಚಿಸಿದರು. ಗುಂಡು ಬಂದರೂ ಮಕ್ಕಳಿಗೆ ತಂದೆಯೋ ತಾಯಿಯೋ ಒಬ್ಬರಾದರೂ ಉಳಿಯಲಿ ಎಂಬ ದೂರದೃಷ್ಟಿ ಅದರಲ್ಲಿತ್ತು.

ರಾತ್ರಿಯಿಡೀ ಅಲ್ಲಿದ್ದ ನೌಕರರು ಏನು ಮಾಡಿದರು ಗೊತ್ತೇ? ಕತ್ತಲಲ್ಲಿ ಅತಿಥಿಗಳ ಬಳಿ ಹೋಗಿ ನೀರು ಕೊಟ್ಟರು, "ಏನಾದರೂ ಬೇಕೇ?" ಎಂದು ಮೆಲ್ಲಗೆ ಕೇಳುತ್ತಿದ್ದರು. ದಿನವೂ ಕೇಳುತ್ತಿದ್ದ ಅದೇ ಪ್ರಶ್ನೆ! ಬೆಳಗಿನ ಜಾವ ಹೊರಗಿನ ಓಣಿಗೆ ಬೆಂಕಿ ಹತ್ತಿದಾಗ ಕಿಟಕಿಯೊಂದೇ ದಾರಿಯಾಯಿತು. ಅಗ್ನಿಶಾಮಕ ದಳದವರು ಏಣಿ ಹಾಕಿದರು. ಮೊದಲು ಅತಿಥಿಗಳು, ಆಮೇಲೆ ನೌಕರರು. ಆ ಸಭಾಂಗಣದಲ್ಲಿ ಒಂದು ಜೀವವೂ ಹೋಗಲಿಲ್ಲ.

ಅದೇ ಹೋಟೆಲಿನ ಜಪಾನಿ ರೆಸ್ಟೋರೆಂಟಿನಲ್ಲಿ ಥಾಮಸ್ ವರ್ಗೀಸ್ ಎಂಬ 48 ವರ್ಷದ ಹಿರಿಯ ವೇಟರ್ ಇದ್ದರು. ಸುಮಾರು 30 ವರ್ಷಗಳ ಸೇವೆ ಅವರದು. ಐವತ್ತರಷ್ಟು ಅತಿಥಿಗಳನ್ನು ಮೇಜಿನಡಿ ಕೂರಿಸಿ, ಸುತ್ತಲೂ ನೌಕರರನ್ನು ನಿಲ್ಲಿಸಿದರು. ಗಂಟೆಗಳ ನಂತರ ಹೊರಹೋಗುವ ಅವಕಾಶ ಸಿಕ್ಕಾಗ ಅತಿಥಿಗಳನ್ನು ಮೊದಲು, ಸಹೋದ್ಯೋಗಿಗಳನ್ನು ಆಮೇಲೆ ಮೆಟ್ಟಿಲಿಳಿಸಿದರು. ತಾನು ಕೊನೆಗೆ ಬರುತ್ತೇನೆಂದರು. ಆದರೆ ಅವರು ಬರಲಿಲ್ಲ. ಮೆಟ್ಟಿಲ ಬುಡದಲ್ಲಿ ದಾಳಿಕೋರರ ಗುಂಡಿಗೆ ಬಲಿಯಾದರು. ಅಡುಗೆಮನೆಯ ಸಿಬ್ಬಂದಿ ಮತ್ತೊಂದು ಕಡೆ ಅತಿಥಿಗಳನ್ನು ಹೊರಸಾಗಿಸುವಾಗ ತಾವೇ ಗೋಡೆಯಾಗಿ ನಿಂತರು. ಮುಖ್ಯ ಬಾಣಸಿಗ ಹೇಮಂತ್ ಒಬೆರಾಯ್ ಅವರ ತಂಡದ ಹಲವರು ಅಲ್ಲಿ ಪ್ರಾಣ ಕೊಟ್ಟರು. ಸುರಕ್ಷಿತವಾಗಿ ಹೊರಬಂದಿದ್ದ ಟೆಲಿಫೋನ್ ಆಪರೇಟರುಗಳು ಮತ್ತೆ ಒಳಗೆ ಹೋಗಿ, ಕೋಣೆಗಳಲ್ಲಿ ಸಿಕ್ಕಿಬಿದ್ದವರಿಗೆ ಏನು ಮಾಡಬೇಕೆಂದು ಫೋನಿನಲ್ಲಿ ಹೇಳುತ್ತ ಕುಳಿತರು.

ಜನರಲ್ ಮ್ಯಾನೇಜರ್ ಕರಂಬೀರ್ ಸಿಂಗ್ ಕಾಂಗ್ ಅವರ ಪತ್ನಿ ಮತ್ತು ಇಬ್ಬರು ಪುಟ್ಟ ಗಂಡುಮಕ್ಕಳು ಅದೇ ಹೋಟೆಲಿನ ಆರನೆಯ ಮಹಡಿಯಲ್ಲಿದ್ದರು. ದಾಳಿಯ ಹೊತ್ತಿಗೆ ಬೇರೆ ಕಡೆ ಇದ್ದ ಅವರು ಧಾವಿಸಿ ಬಂದು ರಕ್ಷಣೆಯ ಹೊಣೆ ಹೊತ್ತರು. ಮಡದಿ ಮಕ್ಕಳು ಬೆಂಕಿಗೆ ಆಹುತಿಯಾದರು. ಆದರೂ ಅವರು ಜಾಗ ಬಿಟ್ಟು ಕದಲಲಿಲ್ಲ. ಇದನ್ನು ವಿವರಿಸಲು ನನ್ನಲ್ಲಿ ಮಾತಿಲ್ಲ. ನಮ್ಮಲ್ಲಿ ಯಾರಿಗೂ ಅಂಥ ಪರೀಕ್ಷೆ ಬಾರದಿರಲಿ.

ಇವರನ್ನು ತಯಾರು ಮಾಡಿದ್ದು ಯಾವುದು?

"ಭಯೋತ್ಪಾದಕರು ಬಂದಾಗ ಏನು ಮಾಡಬೇಕು" ಎಂಬ ಪಾಠವನ್ನು ಆ ನೌಕರರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾದರೆ ಇಷ್ಟೊಂದು ಜನ ಒಂದೇ ರೀತಿ ನಡೆದುಕೊಂಡದ್ದು ಹೇಗೆ? ಈ ಪ್ರಶ್ನೆಯನ್ನು ಬೆನ್ನುಹತ್ತಿದವರು ರೋಹಿತ್ ದೇಶಪಾಂಡೆ ಮತ್ತು ಅಂಜಲಿ ರೈನಾ. ಅವರ ಅಧ್ಯಯನ 2011ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿರುವ ಕೆಲವು ಸಂಗತಿಗಳನ್ನು ವಿದ್ಯಾರ್ಥಿಗಳಾದ ನೀವು ಗಮನವಿಟ್ಟು ಕೇಳಬೇಕು.

ಮೊದಲನೆಯದು ಆಯ್ಕೆ. ಈ ಸಂಸ್ಥೆ ಕೆಳಹಂತದ ಕೆಲಸಗಾರರನ್ನು ಮಹಾನಗರಗಳಿಂದ ಆರಿಸುವುದಕ್ಕಿಂತ ಚಿಕ್ಕ ಊರುಗಳಿಂದ ಆರಿಸಲು ಇಷ್ಟಪಡುತ್ತಿತ್ತು. ಚೆನ್ನೈಗಿಂತ ಕೊಯಮತ್ತೂರು ಮೇಲು, ಬೆಂಗಳೂರಿಗಿಂತ ಮೈಸೂರು, ಮಣಿಪಾಲ ಮೇಲು ಎಂಬ ಲೆಕ್ಕ. ಹಾಗೆ ಬಂದವರಲ್ಲಿ ನೋಡುತ್ತಿದ್ದದ್ದು ಇಂಗ್ಲಿಷಿನ ಠೀವಿಯನ್ನಲ್ಲ. ಹಿರಿಯರನ್ನು, ಗುರುಗಳನ್ನು ಈ ಹುಡುಗ ಹೇಗೆ ನಡೆಸಿಕೊಳ್ಳುತ್ತಾನೆ? ಕಷ್ಟದಲ್ಲೂ ಮುಖದ ಮೇಲೆ ನಗು ಉಳಿಸಿಕೊಳ್ಳಬಲ್ಲನೇ? ಇವನ ದುಡಿಮೆ ಇವನ ಮನೆಗೆ ಎಷ್ಟು ಅಗತ್ಯ? ಈ ಮೂರು ಪ್ರಶ್ನೆಗಳು. ತಾಯಂದಿರೇ, ತಂದೆಯಂದಿರೇ, ಈ ಮೂರರ ಪಾಠ ಯಾವ ಕಾಲೇಜಿನಲ್ಲಿ ನಡೆಯುತ್ತದೆ? ನಿಮ್ಮ ಮನೆಯಲ್ಲೇ ಅಲ್ಲವೇ?

ಎರಡನೆಯದು ತರಬೇತಿ. ಬೇರೆ ಕಡೆ ಒಂದು ವರ್ಷದಲ್ಲಿ ಮುಗಿಯುವ ತರಬೇತಿ ಅಲ್ಲಿ 18 ತಿಂಗಳು ನಡೆಯುತ್ತಿತ್ತು. ಅತಿಥಿಯೊಬ್ಬರು ಒಂದು ದಿನದಲ್ಲಿ ಸರಾಸರಿ 40ರಿಂದ 45 ಬಾರಿ ನೌಕರರ ಸಂಪರ್ಕಕ್ಕೆ ಬರುತ್ತಾರೆಂದು ಅವರು ಲೆಕ್ಕ ಹಾಕಿದ್ದರು. ಇವುಗಳಲ್ಲಿ ಹೆಚ್ಚಿನ ಸಂದರ್ಭಗಳಲ್ಲಿ ಮೇಲಧಿಕಾರಿ ಪಕ್ಕದಲ್ಲಿ ಇರುವುದೇ ಇಲ್ಲ. ಆದ್ದರಿಂದ ಕೇಳಲು ಕಾಯದೆ ತಾನೇ ನಿರ್ಧರಿಸುವ ಸ್ವಾತಂತ್ರ್ಯವನ್ನು ಕೆಳಗಿನ ನೌಕರನಿಗೂ ಕೊಟ್ಟಿದ್ದರು. "ನೀನು ಅತಿಥಿಯ ಮುಂದೆ ಕಂಪನಿಯ ಪ್ರತಿನಿಧಿ ಅಲ್ಲ, ಕಂಪನಿಯ ಮುಂದೆ ಅತಿಥಿಯ ಪ್ರತಿನಿಧಿ" ಎಂಬುದು ಅಲ್ಲಿನ ಪಾಠದ ತಿರುಳು. ದಿನಕ್ಕೆ ಹತ್ತಾರು ಸಲ ಸಣ್ಣ ಸಣ್ಣ ನಿರ್ಧಾರ ಮಾಡಿ ರೂಢಿಯಾದವರು ದೊಡ್ಡ ನಿರ್ಧಾರದ ಗಳಿಗೆ ಬಂದಾಗ ಕೈಕಟ್ಟಿ ನಿಲ್ಲಲಿಲ್ಲ.

ಹದಿನೆಂಟರ ಹುಡುಗ

ಇದು ತಾಜ್ ಹೋಟೆಲಿಗೆ ಮಾತ್ರ ಸೇರಿದ ಮಾತೇನೂ ಅಲ್ಲ. ದೂರದ ಅಮೆರಿಕದ ಒಂದು ಹಳೆಯ ಘಟನೆ ಕೇಳಿ. 1977ರ ಮೇ 28ರ ರಾತ್ರಿ ಕೆಂಟಕಿ ರಾಜ್ಯದ ಬೆವರ್ಲಿ ಹಿಲ್ಸ್ ಸಪ್ಪರ್ ಕ್ಲಬ್ ಎಂಬ ಭಾರೀ ಭೋಜನಶಾಲೆಗೆ ಬೆಂಕಿ ಬಿತ್ತು. ಒಂದು ದೊಡ್ಡ ಸಭಾಂಗಣದಲ್ಲಿ ಸುಮಾರು ಸಾವಿರ ಜನ ಹಾಸ್ಯ ಕಾರ್ಯಕ್ರಮ ನೋಡುತ್ತಿದ್ದರು. ಅವರಿಗೆ ಬೆಂಕಿಯ ಸುಳಿವೂ ಇರಲಿಲ್ಲ. ಆಗ ವೇದಿಕೆ ಹತ್ತಿ ಮೈಕ್ ಹಿಡಿದವನು ವಾಲ್ಟರ್ ಬೈಲಿ. ಮೇಜು ಒರೆಸಿ ಪಾತ್ರೆ ಎತ್ತುವ 18 ವರ್ಷದ ಹುಡುಗ. "ಬೆಂಕಿ, ಓಡಿ!" ಎಂದು ಆತ ಕಿರುಚಲಿಲ್ಲ. ಹೊರಬಾಗಿಲುಗಳು ಎಲ್ಲಿವೆ ಎಂದು ಕೈಮಾಡಿ ತೋರಿಸಿ, ಕಟ್ಟಡದಲ್ಲಿ ಬೆಂಕಿ ಇದೆ, ಎದ್ದು ಹೊರಗೆ ನಡೆಯಿರಿ ಎಂದ. ಆ ದುರಂತದಲ್ಲಿ 165 ಜನ ಸತ್ತರು. ಆ ಹುಡುಗ ಬಾಯಿ ತೆರೆಯದಿದ್ದರೆ ಇನ್ನೂ ನೂರಾರು ಜನ ಸಾಯುತ್ತಿದ್ದರು.

ಸಮಾಜಶಾಸ್ತ್ರಜ್ಞರು ಈ ದುರಂತವನ್ನು ಅಧ್ಯಯನ ಮಾಡಿದಾಗ ಕಂಡದ್ದೇನು? ಬಡಿಸುವವರು ತಾವು ಬಡಿಸುತ್ತಿದ್ದ ಮೇಜಿನವರನ್ನೇ ಹೊರಗೆ ಕರೆದೊಯ್ದಿದ್ದರು. ಅತಿಥಿಗಳೂ ತಮಗೆ ಬಡಿಸಿದವರ ಮಾತನ್ನೇ ನಂಬಿ ಹಿಂದೆ ನಡೆದಿದ್ದರು. ಅಂದರೆ ಊಟ ಬಡಿಸುವಾಗ ಬೆಳೆದ ಒಂದು ಸಣ್ಣ ಸಂಬಂಧವೇ ಬೆಂಕಿಯ ಹೊತ್ತಿನಲ್ಲಿ ಜೀವ ಉಳಿಸುವ ದಾರವಾಯಿತು. ಆಪತ್ತಿನಲ್ಲಿ ಜನರೆಲ್ಲ ಹುಚ್ಚರಂತೆ ಒಬ್ಬರನ್ನೊಬ್ಬರು ತುಳಿದು ಓಡುತ್ತಾರೆ ಎಂಬುದು ಸಿನಿಮಾದ ಮಾತು. ಹಾಗೆ ಆಗುವುದು ಅಪರೂಪ ಎಂದು ಎನ್ರಿಕೊ ಕ್ವಾರಂಟೆಲ್ಲಿ ಮೊದಲಾದ ವಿದ್ವಾಂಸರು ದಶಕಗಳ ಸಂಶೋಧನೆಯಿಂದ ತೋರಿಸಿದ್ದಾರೆ. ಜನರಿಗೆ ಬೇಕಾದದ್ದು ಸರಿಯಾದ ಮಾಹಿತಿ, ನಂಬಬಹುದಾದ ಒಂದು ದನಿ.

2015ರ ಜೂನ್ 26ರಂದು ಟುನೀಶಿಯಾದ ಸೂಸ್ ಕಡಲತೀರದಲ್ಲಿ ಒಬ್ಬ ಬಂದೂಕುಧಾರಿ 38 ಪ್ರವಾಸಿಗರನ್ನು ಕೊಂದ. ಸತ್ತವರಲ್ಲಿ 30 ಮಂದಿ ಬ್ರಿಟನ್ನಿನವರು. ಆ ದಿನ ಅಲ್ಲಿನ ಹೋಟೆಲ್ ನೌಕರರು ಸಾಲಾಗಿ ನಿಂತು ತಮ್ಮ ಮೈಯನ್ನೇ ಅಡ್ಡವಾಗಿಟ್ಟು ಅತಿಥಿಗಳನ್ನು ಕಾಪಾಡಿದ್ದನ್ನು ಬದುಕಿ ಉಳಿದವರು ಹೇಳಿದ್ದಾರೆ. ಕೊಂದವನು ಧರ್ಮದ ಹೆಸರು ಹೇಳಿಕೊಂಡ. ಕಾಪಾಡಿದವರು ಯಾವ ಹೆಸರನ್ನೂ ಹೇಳದೆ ತಮ್ಮ ಕೆಲಸ ಮಾಡಿದರು. ಅವರೂ ಆ ಮುಸ್ಲಿಂ ನಾಡಿನ ಮಕ್ಕಳೇ. ನಮ್ಮ ಮಕ್ಕಳು ಯಾರನ್ನು ನೆನಪಿಡಬೇಕು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕಲಿಯಬಹುದಾದ ಸಂಗತಿಗಳು

ಶಾಂತವಾಗಿರು ಎಂದು ಬಾಯಲ್ಲಿ ಹೇಳಿದರೆ ಯಾರೂ ಶಾಂತರಾಗುವುದಿಲ್ಲ. ಏನು ಮಾಡಬೇಕೆಂದು ಗೊತ್ತಿದ್ದವನು ಮಾತ್ರ ಶಾಂತನಾಗಿರಬಲ್ಲ. ಆದ್ದರಿಂದ ಒಳ್ಳೆಯ ಹೋಟೆಲಿನಲ್ಲಿ ಹೊಸದಾಗಿ ಸೇರಿದವನಿಗೆ ಮೊದಲ ದಿನಗಳಲ್ಲೇ ಕಟ್ಟಡವನ್ನು ಪರಿಚಯ ಮಾಡಿಸುತ್ತಾರೆ. ತುರ್ತು ಬಾಗಿಲು ಯಾವುದು, ಮೆಟ್ಟಿಲು ಎಲ್ಲಿಗೆ ಇಳಿಯುತ್ತದೆ, ಬೆಂಕಿ ನಂದಿಸುವ ಸಿಲಿಂಡರ್ ಎಲ್ಲಿದೆ, ಹೊರಗೆ ಎಲ್ಲರೂ ಬಂದು ಸೇರುವ ಜಾಗ ಯಾವುದು. ವರ್ಷಕ್ಕೆ ಕೆಲವು ಬಾರಿ ಅಣಕು ಕಾರ್ಯಾಚರಣೆ ನಡೆಯುತ್ತದೆ. ಬೇಸರದ ಕೆಲಸವೆಂದು ಕೆಲವರು ಆಗ ತಪ್ಪಿಸಿಕೊಳ್ಳುತ್ತಾರೆ. ಆದರೆ ಹೊಗೆ ತುಂಬಿ ಕಣ್ಣು ಕಾಣದಾದಾಗ ದಾರಿ ಹಿಡಿಯುವುದು ಅಭ್ಯಾಸವಾದ ಕಾಲುಗಳೇ.

ಬೆಂಕಿಯಲ್ಲಿ ಹೆಚ್ಚಾಗಿ ಕೊಲ್ಲುವುದು ಜ್ವಾಲೆಯಲ್ಲ, ಹೊಗೆ. 1980ರ ನವೆಂಬರ್ 21ರಂದು ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್ ಹೋಟೆಲಿನ ಕೆಳಮಹಡಿಯಲ್ಲಿ ಬೆಂಕಿ ಹತ್ತಿತು. ಲಿಫ್ಟ್ ಬಾವಿಗಳು, ಮೆಟ್ಟಿಲ ದಾರಿಗಳ ಮೂಲಕ ಹೊಗೆ ಮೇಲೇರಿತು. ಸತ್ತ 85 ಜನರಲ್ಲಿ ಹೆಚ್ಚಿನವರು ಬೆಂಕಿಯಿಂದ ಬಹಳ ದೂರ, ಮೇಲಿನ ಮಹಡಿಗಳಲ್ಲಿದ್ದವರು. ನಮ್ಮ ದೇಶದಲ್ಲೇ 2019ರ ಫೆಬ್ರವರಿ 12ರ ಮುಂಜಾನೆ ದೆಹಲಿಯ ಕರೋಲ್ ಬಾಗ್‌ನ ಒಂದು ಹೋಟೆಲಿಗೆ ಬೆಂಕಿ ಬಿದ್ದು 17 ಜನ ಸತ್ತರು. ಅತಿಥಿಗಳು ಮಲಗಿದ್ದ ಹೊತ್ತು ಅದು. ಗೋಡೆಗಳ ಮರದ ಹೊದಿಕೆ ಬೆಂಕಿಗೆ ದಾರಿಯಾಯಿತು.

ಹೀಗಾಗಿ ಈ ಕೆಲವು ಮಾತುಗಳನ್ನು ಹೋಟೆಲಿಗೆ ಹೋಗುವವರೂ, ಹೋಗದವರೂ ನೆನಪಿಡಿ. ಬೆಂಕಿಯಾದಾಗ ಲಿಫ್ಟ್ ಬಳಸಬಾರದು. ಮುಚ್ಚಿದ ಬಾಗಿಲನ್ನು ತೆರೆಯುವ ಮೊದಲು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಬೇಕು. ಬಿಸಿಯಾಗಿದ್ದರೆ ತೆರೆಯಬಾರದು. ಹೊಗೆ ಮೇಲಕ್ಕೇರುವುದರಿಂದ ನೆಲಕ್ಕೆ ಬಾಗಿ ತೆವಳಿಕೊಂಡು ಹೋಗಬೇಕು. ಹೊರಹೋಗಲು ಸಾಧ್ಯವೇ ಇಲ್ಲದಿದ್ದರೆ ಒದ್ದೆ ಟವೆಲನ್ನು ಬಾಗಿಲ ಕೆಳಗಿನ ಸಂದಿಗೆ ತುರುಕಿ, ಕಿಟಕಿಯ ಬಳಿ ನಿಂತು ಸಹಾಯಕ್ಕೆ ಸನ್ನೆ ಮಾಡಬೇಕು.

ಇನ್ನು ಮಾತಿನ ವಿಷಯ. ಹೆದರಿದ ಮನುಷ್ಯನ ಕಿವಿಗೆ ದೊಡ್ಡ ವಾಕ್ಯ ಇಳಿಯುವುದಿಲ್ಲ. "ಗಾಬರಿಯಾಗಬೇಡಿ" ಎಂದರೆ ಗಾಬರಿ ಹೆಚ್ಚುತ್ತದೆ. "ನನ್ನ ಜೊತೆ ಬನ್ನಿ. ಎಡಗೈ ಗೋಡೆಗೆ ಇಡಿ. ಮೆಟ್ಟಿಲು ಇಲ್ಲಿದೆ" ಎಂದರೆ ಕಾಲು ತಾನಾಗಿ ನಡೆಯುತ್ತದೆ. ವಯಸ್ಸಾದವರು, ನಡೆಯಲಾರದವರು, ಚಿಕ್ಕ ಮಕ್ಕಳು ಯಾವ ಕೋಣೆಯಲ್ಲಿದ್ದಾರೆ ಎಂಬುದು ರಾತ್ರಿ ಪಾಳಿಯವನಿಗೆ ಗೊತ್ತಿರಬೇಕು. ಹೊರಬಂದ ಮೇಲೆ ಪಟ್ಟಿ ಹಿಡಿದು ತಲೆ ಎಣಿಸಬೇಕು. ಗೊತ್ತಿಲ್ಲದ್ದನ್ನು ಹೇಳಬಾರದು. ಸುಳ್ಳು ಧೈರ್ಯ ಒಮ್ಮೆ ಬಯಲಾದರೆ ಮುಂದಿನ ಮಾತನ್ನು ಯಾರೂ ಕೇಳುವುದಿಲ್ಲ.

ಮೊಬೈಲ್ ಕೈಯಲ್ಲಿರುವ ನಿಮಗೆ ಇನ್ನೊಂದು ಎಚ್ಚರಿಕೆ. ಮುಂಬೈ ದಾಳಿಯನ್ನು ಟಿ.ವಿ. ವಾಹಿನಿಗಳು ನೇರ ಪ್ರಸಾರ ಮಾಡಿದ ರೀತಿಯನ್ನು 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿ ಟೀಕಿಸಿತು. ಗಡಿಯಾಚೆ ಕುಳಿತು ದಾಳಿಕೋರರಿಗೆ ಆದೇಶ ಕೊಡುತ್ತಿದ್ದವರೂ ಅದನ್ನೇ ನೋಡುತ್ತಿದ್ದರು. ಆಪತ್ತಿನ ಜಾಗದಿಂದ ವಿಡಿಯೋ ಹಾಕುವ ಮೊದಲು ಇದು ಯಾರ ಜೀವಕ್ಕೆ ಎರವಾಗಬಹುದು ಎಂದು ಯೋಚಿಸಿ.

ಆಪತ್ತು ಯಾವಾಗಲೂ ಒಂದು ರಾತ್ರಿಗೆ ಮುಗಿಯುವುದೂ ಇಲ್ಲ. 2011ರ ಮಾರ್ಚ್ 11ರ ಸುನಾಮಿ ಜಪಾನಿನ ಮಿನಾಮಿಸಾನ್ರಿಕು ಎಂಬ ಊರನ್ನು ಕೊಚ್ಚಿಕೊಂಡು ಹೋದಾಗ, ಎತ್ತರದಲ್ಲಿ ಉಳಿದಿದ್ದ ಅಲ್ಲಿನ ಕಾನ್ಯೋ ಹೋಟೆಲ್ ಮನೆ ಕಳೆದುಕೊಂಡ ನೂರಾರು ಜನರಿಗೆ ತಿಂಗಳುಗಟ್ಟಲೆ ಆಸರೆ ಕೊಟ್ಟಿತು. 2020ರಲ್ಲಿ ಕೊರೊನಾ ಬಂದಾಗ ನಮ್ಮ ದೇಶದ ಅನೇಕ ಹೋಟೆಲುಗಳು ವೈದ್ಯರು, ದಾದಿಯರು ತಂಗುವ ಮನೆಗಳಾದವು. ಮನೆಯವರೇ ಹತ್ತಿರ ಬರಲು ಹೆದರುತ್ತಿದ್ದ ಕಾಲದಲ್ಲಿ ಬಾಗಿಲ ಮುಂದೆ ಬಿಸಿ ಊಟ ಇಟ್ಟು ಹೋದವರು ಹೋಟೆಲ್ ಹುಡುಗರೇ.

ಮಾಲಿಕರ ಪಾಲು

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಎಂಟು ಹತ್ತು ಸಾವಿರ ಸಂಬಳದ ಹುಡುಗನಿಂದ ಪ್ರಾಣತ್ಯಾಗವನ್ನು ನಿರೀಕ್ಷಿಸುವ ಹಕ್ಕು ಯಾರಿಗೂ ಇಲ್ಲ. ತುರ್ತು ಬಾಗಿಲಿಗೆ ಬೀಗ ಜಡಿದು, ಅದರ ಮುಂದೆ ಅಕ್ಕಿ ಮೂಟೆ ಪೇರಿಸಿ, ಅವಧಿ ಮುಗಿದ ಸಿಲಿಂಡರನ್ನು ಗೋಡೆಗೆ ನೇತುಹಾಕಿ, ಆಮೇಲೆ ನೌಕರರ ಧೈರ್ಯವನ್ನು ಹೊಗಳುವುದು ಅನ್ಯಾಯ. ನಮ್ಮ ಸಂಘದಲ್ಲೂ ಹೋಟೆಲ್, ವಸತಿಗೃಹ, ಮದುವೆ ಹಾಲ್ ನಡೆಸುವ ಸದಸ್ಯರಿದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೇ: ನಾಳೆಯೇ ಒಮ್ಮೆ ನಿಮ್ಮ ಕಟ್ಟಡದ ಹಿಂಬಾಗಿಲು ತೆರೆಯುತ್ತದೆಯೇ ನೋಡಿ. ನಿಮ್ಮ ಹುಡುಗರಿಗೆ ಸಿಲಿಂಡರ್ ಬಳಸಲು ಬರುತ್ತದೆಯೇ ಕೇಳಿ. ಅವರಿಗೆ ವಿಮೆ ಇದೆಯೇ ಪರಿಶೀಲಿಸಿ. ತಾಜ್ ಸಂಸ್ಥೆ ದಾಳಿಯ ಮರುತಿಂಗಳೇ ಒಂದು ಟ್ರಸ್ಟ್ ಸ್ಥಾಪಿಸಿ ಸಂತ್ರಸ್ತರ ಬೆಂಬಲಕ್ಕೆ ನಿಂತಿತು. ತಮ್ಮ ನೌಕರರಿಗಷ್ಟೇ ಅಲ್ಲ, ಹೋಟೆಲಿನ ಹೊರಗೆ ದಾಳಿಗೆ ಸಿಕ್ಕವರಿಗೂ ನೆರವಾಯಿತು. ಸಂಸ್ಥೆ ನೌಕರನ ಕೈಬಿಡದಿದ್ದರೆ ನೌಕರ ಅತಿಥಿಯ ಕೈಬಿಡುವುದಿಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರಾದರೂ ಈ ಉದ್ಯೋಗ ಆರಿಸಿಕೊಂಡರೆ ತಲೆ ಎತ್ತಿ ಹೋಗಿ. ಸಂದರ್ಶನದಲ್ಲಿ ಸಂಬಳ ಕೇಳಿದಂತೆ, "ಇಲ್ಲಿ ಬೆಂಕಿಯ ತರಬೇತಿ ಕೊಡುತ್ತೀರಾ?" ಎಂದೂ ಧೈರ್ಯವಾಗಿ ಕೇಳಿ. ಬೇರೆ ಉದ್ಯೋಗಕ್ಕೆ ಹೋಗುವವರು ಹೋಟೆಲಿನಲ್ಲಿ ಊಟಕ್ಕೆ ಕುಳಿತಾಗ ಬಡಿಸುವವನ ಮುಖ ನೋಡಿ ಒಂದು ಒಳ್ಳೆಯ ಮಾತಾಡಿ. ಅವನನ್ನು "ಏಯ್" ಎಂದು ಕರೆಯಬೇಡಿ. ಹೆತ್ತವರೇ, ಮಗ ಮಗಳು ಈ ಓದನ್ನು ಬಯಸಿದರೆ ತಡೆಯುವ ಮುನ್ನ ಆ 24 ವರ್ಷದ ಯುವತಿಯನ್ನು, ಪಾತ್ರೆ ಎತ್ತುತ್ತಿದ್ದ ಆ 18 ವರ್ಷದ ಹುಡುಗನನ್ನು ಒಮ್ಮೆ ನೆನೆಯಿರಿ.

ಇಂದು ರಾತ್ರಿ ನಿಮ್ಮ ಹಾಸ್ಟೆಲಿಗೆ ಮರಳಿದಾಗ ಒಂದು ಕೆಲಸ ಮಾಡಿ. ನಿಮ್ಮ ಕೋಣೆಯಿಂದ ಮೆಟ್ಟಿಲಿಗೆ ಎಷ್ಟು ಬಾಗಿಲುಗಳಿವೆ ಎಂದು ಎಣಿಸಿ. ಪಕ್ಕದ ಕೋಣೆಯಲ್ಲಿ ಹೊಸದಾಗಿ ಸೇರಿದ ತಮ್ಮನಿದ್ದರೆ ಅವನಿಗೂ ತೋರಿಸಿಕೊಡಿ.